ಒಡಕು ಮೊಟ್ಟೆ ಮತ್ತು ಸುಣ್ಣಕಲ್ಲಿನ ಹರಳು: ನನ್ನ ಅನುಭವ

ಲೇಯರ್ ಕೋಳಿಯ (ಮೊಟ್ಟೆಗಾಗಿ ಸಾಕುವ ಕೋಳಿ) ಫೀಡ್‌ಗೆ ಸೇರಿಸುವ ಸುಣ್ಣಕಲ್ಲಿನಲ್ಲಿ ಮೂರರಲ್ಲಿ ಎರಡು ಪಾಲನ್ನು ಪುಡಿಯ ಬದಲು ದಪ್ಪ ಹರಳಾಗಿ, ಅದೂ ಮಧ್ಯಾಹ್ನದ ನಂತರ ಕೊಟ್ಟರೆ ವಯಸ್ಸಾದ ಬ್ಯಾಚ್‌ನಲ್ಲಿಯೂ ಒಡಕು ಮೊಟ್ಟೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂದು ನಾನು ಹೇಳಿದಾಗ ನಮ್ಮ ಕೊಪ್ಪಳ ಭಾಗದ ಫಾರಂನವರು ಯಾರೂ ಒಪ್ಪಲಿಲ್ಲ. ಹಿರಿಯರೊಬ್ಬರಂತೂ "ಕಲ್ಲು ತಿನಿಸಿದ್ರ ತತ್ತಿ ಗಟ್ಟಿ ಆಗ್ತಾವೇನು ತಮ್ಮಾ? ಸುಮ್ನ ರೊಕ್ಕ ದಂಡ" ಎಂದರು. ಈಗ ಅವರ ಶೆಡ್‌ಗೂ ಅದೇ ಹರಳು ಹೋಗುತ್ತಿದೆ.

ನನ್ನಲ್ಲಿರುವುದು ಸುಮಾರು ಹತ್ತು ಸಾವಿರ ಕೋಳಿ. ಅವುಗಳ ವಯಸ್ಸು 60 ವಾರ ದಾಟುವವರೆಗೆ ತೊಂದರೆ ಇರುವುದಿಲ್ಲ. ಆಮೇಲೆ ಮೊಟ್ಟೆಯ ಗಾತ್ರ ಹೆಚ್ಚುತ್ತದೆ, ಸಿಪ್ಪೆಗೆ ಹೋಗುವ ಸುಣ್ಣ ಮಾತ್ರ ಅಷ್ಟೇ ಇರುತ್ತದೆ, ಆದ್ದರಿಂದ ಸಿಪ್ಪೆ ತೆಳುವಾಗುತ್ತದೆ. ಬೇಸಿಗೆಯಲ್ಲಿ ನೂರಕ್ಕೆ ಏಳೆಂಟು ಮೊಟ್ಟೆ ಒಡಕು ಬರುತ್ತಿದ್ದವು. ಒಡಕು ಮೊಟ್ಟೆಗೆ ಹೊಸಪೇಟೆ ಮಾರುಕಟ್ಟೆಯ ದರ ಸಿಗುವುದಿಲ್ಲ, ಬೇಕರಿಯವರು ಕೇಳಿದ ಬೆಲೆಗೆ ಕೊಡಬೇಕಾಗುತ್ತದೆ. ಒಂದು ಮೊಟ್ಟೆಗೆ ಎರಡು ರೂಪಾಯಿ ನಷ್ಟವೆಂದು ಹಿಡಿದರೂ ದಿನಕ್ಕೆ ಸಾವಿರ ರೂಪಾಯಿಯ ಮೇಲೆ ಕೈತಪ್ಪುತ್ತಿತ್ತು.

ಮೊದಲು ಎಲ್ಲರೂ ಹೇಳುವಂತೆ ಕಲ್ಲುಪುಡಿಯ ಪ್ರಮಾಣವನ್ನು ಟನ್ ಫೀಡ್‌ಗೆ ನೂರು ಕೆಜಿಯಿಂದ ನೂರಿಪ್ಪತ್ತಕ್ಕೆ ಏರಿಸಿ ನೋಡಿದೆ. ಕೋಳಿಗಳು ಫೀಡ್ ತಿನ್ನುವುದನ್ನೇ ಕಡಿಮೆ ಮಾಡಿದವು, ತೊಟ್ಟಿಯ ತಳದಲ್ಲಿ ಬಿಳಿ ಪುಡಿ ಉಳಿಯಿತು, ಒಡಕು ಇದ್ದಷ್ಟೇ ಇತ್ತು. ನಂತರ ಕರಾವಳಿಯಿಂದ ಶೆಲ್ ಗ್ರಿಟ್ (ಕಡಲ ಚಿಪ್ಪಿನ ಚೂರು) ತರಿಸಿದೆ. ಸರಕು ಒಳ್ಳೆಯದೇ, ಆದರೆ ನನಗೆ ಬಂದ ಲೋಡಿನಲ್ಲಿ ಮರಳು ಬೆರೆತಿತ್ತು, ಬಾಡಿಗೆಯೂ ಸೇರಿ ಬೆಲೆ ಕೈಗೆಟುಕಲಿಲ್ಲ. ನೀರಿನಲ್ಲಿ ಕೊಡುವ ದ್ರವ ಕ್ಯಾಲ್ಸಿಯಂಗೆ ಒಂದು ಬೇಸಿಗೆಯಲ್ಲಿ ನಲವತ್ತು ಸಾವಿರದಷ್ಟು ಖರ್ಚಾಯಿತು. ನಮ್ಮ ಬೋರ್‌ವೆಲ್‌ನ ಗಡಸು ನೀರಿಗೆ ಅದೂ ಸೇರಿ ಕೋಳಿ ನೀರು ಕುಡಿಯುವ ನಿಪ್ಪಲ್‌ಗಳ ಬಾಯಿಗೆ ಸುಣ್ಣ ಕಟ್ಟಿ, ಪೈಪನ್ನೆಲ್ಲ ಸಿಟ್ರಿಕ್ ಆಮ್ಲದಿಂದ ತೊಳೆಯಬೇಕಾಯಿತು.

ಪ್ರಮಾಣಕ್ಕಿಂತ ಹೊತ್ತು ಮುಖ್ಯ ಎಂಬುದು ಅಲ್ಲಿಂದ ಮುಂದೆ ಸ್ಪಷ್ಟವಾಯಿತು. 55 ಗ್ರಾಂ ಮೊಟ್ಟೆಯಲ್ಲಿ ಐದೂವರೆ ಗ್ರಾಂನಷ್ಟು ಸಿಪ್ಪೆ ಇರುತ್ತದೆ. ಅದರಲ್ಲಿ ನೂರಕ್ಕೆ 94ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟೇ, ಅಂದರೆ ಎರಡು ಗ್ರಾಂ ಕ್ಯಾಲ್ಸಿಯಂ. ಅದರ ಹೆಚ್ಚಿನ ಭಾಗ ಸಿಪ್ಪೆಗೆ ಸೇರುವುದು ರಾತ್ರಿ, ದೀಪ ಆರಿಸಿ ಕೋಳಿ ಏನೂ ತಿನ್ನದೆ ಕುಳಿತಿರುವಾಗ. ಬೆಳಿಗ್ಗೆ ತಿಂದ ಪುಡಿ ಅಷ್ಟರೊಳಗೆ ಕರುಳು ದಾಟಿ ಹೋಗಿರುತ್ತದೆ, ಆಗ ಕೋಳಿ ತನ್ನ ಎಲುಬಿನಿಂದಲೇ ಸುಣ್ಣ ತೆಗೆಯುತ್ತದೆ. ಕೇಜ್‌ನಲ್ಲಿ ಕಾಲು ಸೋತು ಮಲಗುವ ಕೋಳಿಗಳ ಎಲುಬು ಕಡ್ಡಿಯಂತೆ ಮುರಿಯುವುದು ಇದರಿಂದಲೇ. ಎರಡರಿಂದ ನಾಲ್ಕು ಮಿಲಿಮೀಟರ್ ಹರಳು ಮಾತ್ರ ಗಿಜರ್ಡ್‌ನಲ್ಲಿ (ಕಾಳು ಅರೆಯುವ ಹೊಟ್ಟೆಯ ಭಾಗ) ನಿಂತು ನಿಧಾನವಾಗಿ ಕರಗುತ್ತದೆ. ಹರಳು ಕೊಡಲು ಆರಂಭಿಸಿದ ಮೇಲೆ ಬೆಳಗಿನ ಜಾವ ಸತ್ತಿದ್ದ ಕೋಳಿಯೊಂದನ್ನು ಕೊಯ್ದು ನೋಡಿದಾಗ, ಚೂಪಾಗಿ ಒಳಗೆ ಹೋಗಿದ್ದ ಹರಳುಗಳು ಮೂಲೆ ಸವೆದು, ಅಕ್ಕಿ ನುಚ್ಚಿನ ಗಾತ್ರಕ್ಕೆ ಇಳಿದು ಗಿಜರ್ಡ್‌ನಲ್ಲಿ ಇನ್ನೂ ಉಳಿದಿದ್ದವು. ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಕಲ್ಲು ಯಾವುದು ಎಂಬುದನ್ನು ಬಹಳ ಎಚ್ಚರಿಕೆಯಿಂದ ನೋಡಬೇಕು. ಡಾಲಮೈಟ್ ಕೂಡ ಬೆಳ್ಳಗೇ ಇರುತ್ತದೆ, ಅಗ್ಗವೂ ಹೌದು, ಆದರೆ ಅದರಲ್ಲಿರುವ ಮೆಗ್ನೀಷಿಯಂನಿಂದ ಹಿಕ್ಕೆ ನೀರಾಗುತ್ತದೆ, ಸಿಪ್ಪೆಯೂ ಕೆಡುತ್ತದೆ. ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಹನಿಗಳನ್ನು ಹರಳಿನ ಮೇಲೆ ಬಿಟ್ಟರೆ ಸುಣ್ಣಕಲ್ಲು ತಕ್ಷಣ ನೊರೆಯುಕ್ಕಿ ಕುದಿಯುತ್ತದೆ, ಡಾಲಮೈಟ್ ಹರಳು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಪುಡಿ ಮಾಡಿದರೆ ಅದೂ ನೊರೆ ಬಿಡುವುದರಿಂದ ಹರಳನ್ನೇ ಪರೀಕ್ಷಿಸಬೇಕು. ನಾನು ಬಾಗಲಕೋಟೆ ಕಡೆಯ ಕಲ್ಲನ್ನು ತರಿಸಿ, ಜರಡಿ ಹಿಡಿದು, ಪುಡಿಯನ್ನು ಬೇರೆ ಮಾಡಿ ಬಳಸುತ್ತೇನೆ.

ಹರಳಿಗೆ ಪುಡಿಗಿಂತ ಕೆಜಿಗೆ ಎರಡೂವರೆ ರೂಪಾಯಿ ಹೆಚ್ಚು. ಹತ್ತು ಸಾವಿರ ಕೋಳಿಗೆ ದಿನಕ್ಕೆ ಎಪ್ಪತ್ತು ಕೆಜಿಯಷ್ಟು ಬೇಕಾಗುವುದರಿಂದ ಹೆಚ್ಚುವರಿ ಖರ್ಚು ಇನ್ನೂರು ರೂಪಾಯಿಯ ಒಳಗೆ. ಒಡಕು ನೂರಕ್ಕೆ ಮೂರರ ಆಸುಪಾಸಿಗೆ ಇಳಿದಿದ್ದರಿಂದ ಆ ಇನ್ನೂರು ಕಳೆದರೂ ತಿಂಗಳಿಗೆ ಇಪ್ಪತ್ತು ಸಾವಿರದಷ್ಟು ಉಳಿಯುತ್ತಿದೆ. ಹರಳು ತೊಟ್ಟಿಯ ತಳಕ್ಕೆ ಇಳಿಯದೆ ಎಲ್ಲ ಕೋಳಿಗೂ ಸಮನಾಗಿ ಸಿಗುವಂತೆ ಮಾಡಲು ನಾನು ಒಂದು ವಿಧಾನ ಕಂಡುಕೊಂಡಿದ್ದೇನೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಸಿಪ್ಪೆಯ ಗಟ್ಟಿತನ ಅಳೆಯಲು ಬಕೆಟ್‌ಗಳಲ್ಲಿ ಬೇರೆ ಬೇರೆ ಸಾಂದ್ರತೆಯ ಉಪ್ಪುನೀರು ಇಟ್ಟು ಅದೇ ದಿನದ ಮೊಟ್ಟೆಗಳನ್ನು ಬಿಡುತ್ತೇನೆ. 1.080ರ ನೀರಿನಲ್ಲಿ ತೇಲುವ ಮೊಟ್ಟೆಯ ಸಿಪ್ಪೆ ತೆಳುವೆಂದೇ ಅರ್ಥ. ಮೇ ತಿಂಗಳಲ್ಲಿ ಹರಳಿದ್ದರೂ ತೇಲುವವು ಹೆಚ್ಚುತ್ತವೆ. ಬಿಸಿಲಿಗೆ ಕೋಳಿ ಬಾಯಿ ತೆರೆದು ಏದುವಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿಬಿಡುತ್ತದೆ, ಕ್ಯಾಲ್ಸಿಯಂ ಎಷ್ಟಿದ್ದರೂ ಕಾರ್ಬೊನೇಟ್ ಭಾಗಕ್ಕೆ ಕೊರತೆಯಾಗುತ್ತದೆ. ಫೀಡ್‌ನ ಉಪ್ಪನ್ನು ಸ್ವಲ್ಪ ಇಳಿಸಿ ಅದರ ಬದಲು ಅಡುಗೆ ಸೋಡಾ ಕೊಟ್ಟಾಗ ತಕ್ಕಮಟ್ಟಿಗೆ ಸುಧಾರಿಸಿತು, ಶೆಡ್ಡಿನ ಮೇಲ್ಛಾವಣಿಗೆ ನೀರು ಹನಿಸಿದಾಗ ಇನ್ನೂ ಹೆಚ್ಚು ಸುಧಾರಿಸಿತು.

ಇದನ್ನು ಮಾಡಬಯಸುವವರು ಇನ್ನೂ ಮೊಟ್ಟೆಗೆ ಬಾರದ ಎಳೆ ಕೋಳಿಗಳಿಗೆ (ಪುಲೆಟ್) ಲೇಯರ್ ಮಟ್ಟದ ಸುಣ್ಣ ಕೊಡಬಾರದು, ಏಕೆಂದರೆ ಆ ವಯಸ್ಸಿನಲ್ಲಿ ಹೆಚ್ಚಾದ ಕ್ಯಾಲ್ಸಿಯಂ ಮೂತ್ರಪಿಂಡವನ್ನು ಕೆಡಿಸುತ್ತದೆ. ನಾನು ಬ್ಯಾಚ್‌ನಲ್ಲಿ ಮೊದಲ ಮೊಟ್ಟೆಗಳು ಕಂಡ ವಾರದಿಂದ ಪುಡಿಯನ್ನೂ, 40 ವಾರದ ನಂತರ ಪೂರ್ಣ ಪ್ರಮಾಣದ ಹರಳನ್ನೂ ಕೊಡುತ್ತಿದ್ದೇನೆ.