ವಯಸ್ಸಾದ ನಾಯಿಗೆ ಪ್ಯಾಂಕ್ರಿಯಾಟೈಟಿಸ್: ಮನೆಯಲ್ಲಿ ನಾನು ನೋಡಿಕೊಂಡಿದ್ದು ಹೀಗೆ

ಹುಲ್ಲು ತಿಂದು ಒಮ್ಮೆ ಕಕ್ಕಿ, ಮತ್ತೆ ಬಾಲ ಅಲ್ಲಾಡಿಸುತ್ತಾ ಬರುವ ನಾಯಿ ಬೇರೆ. ಕುಡಿದ ನೀರನ್ನೂ ಕಕ್ಕಿ, ಮೂಲೆ ಹಿಡಿದು, ಇಷ್ಟದ ತಿಂಡಿಗೂ ಮುಖ ತಿರುಗಿಸುವ ನಾಯಿ ಬೇರೆ. ನಮ್ಮ ಜಿಮ್ಮಿಗೆ ಹನ್ನೊಂದು ವರ್ಷ. ಬಿಳಿ ಸ್ಪಿಟ್ಜ್, ತೂಕ ಸುಮಾರು 9 ಕೆಜಿ. ಕಳೆದ ದುಗ್ಗಮ್ಮನ ಜಾತ್ರೆ ಮುಗಿದ ಮರುದಿನ ಅವನು ಹೀಗೆ ಮೂಲೆ ಹಿಡಿದ. ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ, ಎರಡು ವರ್ಷಕ್ಕೊಮ್ಮೆ ಬರುವ ಈ ಜಾತ್ರೆಗೆ ಮನೆ ತುಂಬಾ ನೆಂಟರು, ಒಲೆ ಮೇಲೆ ಮಟನ್. ಬಂದವರೆಲ್ಲ ಪ್ರೀತಿಯಿಂದ ಅವನಿಗೂ ಒಂದೊಂದು ಕೊಬ್ಬಿನ ತುಂಡು ಹಾಕಿದ್ದರು.

ನನಗೆ ಅನುಮಾನ ಬಂದಿದ್ದು ಅವನು ನಿಂತ ರೀತಿ ನೋಡಿ. ಮುಂಗಾಲು ಚಾಚಿ, ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಮೇಲೆತ್ತಿ ನಿಂತಿದ್ದ. ಆಟಕ್ಕೆ ಕರೆಯುವಾಗಲೂ ನಾಯಿ ಹೀಗೇ ಬಗ್ಗುತ್ತದೆ, ಅಲ್ವಾ? ಆದರೆ ಇವನ ಬಾಲ ಅಲುಗಲಿಲ್ಲ, ಬಗ್ಗಿದವನು ಹಾಗೇ ನಿಂತಿದ್ದ. ಹೊಟ್ಟೆ ಮುಟ್ಟಿದರೆ ಕಲ್ಲಿನ ಹಾಗೆ ಬಿಗಿ. ಒಸಡು ಅಂಟಂಟು. ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಪಶು ಡಾಕ್ಟರ ಹತ್ತಿರ ಹೊರಟೆ. ಕ್ಲಿನಿಕ್ಕಿಗೆ ಹೋದಾಗ ನಾಯಿಗಳು ಹೆದರಿ ನೆಟ್ಟಗೆ ನಿಂತುಬಿಡುತ್ತವೆ, ಹಾಗಾಗಿ ಆ ವಿಡಿಯೋ ತುಂಬಾ ಉಪಯೋಗಕ್ಕೆ ಬಂತು.

ಮೇದೋಜೀರಕ ಗ್ರಂಥಿಯ ಜೀರ್ಣರಸ ಕರುಳಿಗೆ ಹೋದ ಮೇಲೆ ಕೆಲಸ ಶುರು ಮಾಡಬೇಕು. ಪ್ಯಾಂಕ್ರಿಯಾಟೈಟಿಸ್ ಅಂದರೆ ಈ ಗ್ರಂಥಿಯ ಉರಿಯೂತ. ಇದರಲ್ಲಿ ಆ ರಸ ಗ್ರಂಥಿಯೊಳಗೇ ಕೆಲಸ ಶುರು ಮಾಡಿ ಗ್ರಂಥಿಯನ್ನೇ ಸುಡುತ್ತದೆ. ಒಮ್ಮೆಗೇ ಕೊಬ್ಬು ಜಾಸ್ತಿ ತಿಂದರೂ ಹೀಗಾಗಬಹುದು. ನೋವು ಎಷ್ಟಿರಬಹುದು ಯೋಚಿಸಿ. ಮುದಿ ನಾಯಿ ವಾಂತಿ ಮಾಡಿದರೆ ಕಿಡ್ನಿ, ಲಿವರ್, ಸಕ್ಕರೆ ಕಾಯಿಲೆ, ಆಪರೇಷನ್ ಆಗದ ಹೆಣ್ಣಾದರೆ ಗರ್ಭಕೋಶದ ಕೀವು, ಇವೆಲ್ಲವನ್ನೂ ನೋಡಬೇಕಾಗುತ್ತದೆ. ಅದಕ್ಕೇ ರಕ್ತ ಪರೀಕ್ಷೆ, ಸ್ಕ್ಯಾನ್ ಎರಡೂ ಮಾಡಿಸಿದೆವು. ರಕ್ತದಲ್ಲಿ ಅಮೈಲೇಸ್, ಲೈಪೇಸ್ ಅನ್ನುವ ಜೀರ್ಣಕಿಣ್ವಗಳನ್ನು ಮಾತ್ರ ನೋಡಿದರೆ ನಾಯಿಗಳಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ. ಮೇದೋಜೀರಕ ಗ್ರಂಥಿಯಿಂದ ಬರುವ ಲೈಪೇಸನ್ನೇ ಅಳೆಯುವ, ಸಿಪಿಎಲ್ ಅಂತ ನಾಯಿಗಳಿಗೇ ಇರುವ ಪರೀಕ್ಷೆ ಇದೆ, ಅದನ್ನು ಕೇಳಿ ಮಾಡಿಸಿ.

ಮುಂಗಾಲಿನ ನರಕ್ಕೆ ಡ್ರಿಪ್, ವಾಂತಿ ನಿಲ್ಲಲು ಇಂಜೆಕ್ಷನ್, ನೋವಿಗೆ ಬೇರೆ ಇಂಜೆಕ್ಷನ್. ಅವನು ಕೀಲುನೋವಿಗೆ ತಗೊಳ್ಳುತ್ತಿದ್ದ ಮಾತ್ರೆಯನ್ನು ಡಾಕ್ಟರು ತಕ್ಷಣ ನಿಲ್ಲಿಸಿದರು. ಮೈಯಲ್ಲಿ ನೀರಿಲ್ಲದಾಗ ಅದು ಕಿಡ್ನಿಗೆ ಪೆಟ್ಟು ಕೊಡುತ್ತದಂತೆ. ನಾವು ನುಂಗುವ ನೋವಿನ ಮಾತ್ರೆಯನ್ನಂತೂ ನಾಯಿಗೆ ಕೊಡಲೇಬಾರದು.

ಮೊದಲೆಲ್ಲ ಇಂಥ ನಾಯಿಯನ್ನು ದಿನಗಟ್ಟಲೆ ಉಪವಾಸ ಕೆಡವುತ್ತಿದ್ದರು. ಈಗ ವಾಂತಿ ಹತೋಟಿಗೆ ಬಂದ ಕೂಡಲೇ ಸ್ವಲ್ಪ ಸ್ವಲ್ಪ ತಿನ್ನಿಸಿ ಅನ್ನುತ್ತಾರೆ. ಡಾಕ್ಟರು ನನಗೂ ಹಾಗೇ ಹೇಳಿದರು. ಅಲ್ಲಿಂದ ಮುಂದಿನದು ಅಡುಗೆಮನೆಯ ಕೆಲಸ.

ಚರ್ಮ ತೆಗೆದ ಕೋಳಿಯ ಎದೆಮಾಂಸವನ್ನು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸಿದೆ. ಮಾಂಸ ತೆಗೆದು, ಬೆಂದ ನೀರನ್ನು ಸ್ಟೀಲ್ ಡಬ್ಬಿಯಲ್ಲಿ ರಾತ್ರಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಮೇಲೆ ತೆಳ್ಳಗೆ ಬಿಳಿ ಕೆನೆ ಕಟ್ಟಿತ್ತು. ಬಿಸಿಯಿದ್ದಾಗ ಕಣ್ಣಿಗೇ ಕಾಣದ ಕೊಬ್ಬು ಅದು! ಚಮಚದ ಅಂಚಿನಿಂದ ಎತ್ತಿ, ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ, ಆ ನೀರಲ್ಲೇ ಅನ್ನವನ್ನು ಮೆತ್ತಗೆ ಬೇಯಿಸಿದೆ. ಎರಡು ಪಾಲು ಅನ್ನಕ್ಕೆ ಒಂದು ಪಾಲು ಕೋಳಿ. ಮೊದಲು ಒಂದು ಚಮಚ, ಅದು ಹೊಟ್ಟೆಯಲ್ಲಿ ನಿಂತರೆ ಮತ್ತೊಂದು. ಆಮೇಲೆ ದಿನಕ್ಕೆ ನಾಲ್ಕು ಸಲ, ಉಗುರು ಬೆಚ್ಚಗೆ ಮಾಡಿ. ಬೆಚ್ಚಗಿದ್ದರೆ ವಾಸನೆ ಚೆನ್ನಾಗಿ ಬರುತ್ತದೆ, ಹಸಿವಿಲ್ಲದ ನಾಯಿಯೂ ಮೂಸುತ್ತದೆ.

ಕೋಳಿ ಅನ್ನದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಎಲ್ಲ ಸಾಕಾಗುವುದಿಲ್ಲ. ಅದಕ್ಕೇ ಆಮೇಲೆ ಡಾಕ್ಟರು ಬರೆದುಕೊಟ್ಟ ಕಡಿಮೆ ಕೊಬ್ಬಿನ ಒಣ ಆಹಾರಕ್ಕೆ ನಿಧಾನವಾಗಿ ಬದಲಾಯಿಸಿದೆ. ಪ್ಯಾಕೆಟ್ಟಿನ ಹಿಂದೆ ‘ಕ್ರೂಡ್ ಫ್ಯಾಟ್’, ಅಂದರೆ ಒಟ್ಟು ಕೊಬ್ಬು, ಎಷ್ಟು ಅಂತ ಓದಿ. ಇವನ ಆಹಾರದಲ್ಲಿ ಶೇ. 7ರ ಆಸುಪಾಸು ಇದೆ, ಮಾಮೂಲಿ ಪ್ಯಾಕೆಟ್ಟುಗಳಲ್ಲಿ ಇದಕ್ಕಿಂತ ಜಾಸ್ತಿ. ಮಾತ್ರೆ ನುಂಗಿಸಲು ಬೆಣ್ಣೆ, ಚೀಸ್ ಬೇಡ. ಬೇಯಿಸಿದ ಸಿಹಿಗುಂಬಳದ ಉಂಡೆಯಲ್ಲಿ ಮುಚ್ಚಿದರೆ ಜಿಮ್ಮಿ ಗುಳುಂ ಮಾಡುತ್ತಾನೆ.

ಬೆಣ್ಣೆ ದೋಸೆ ಊರಲ್ಲಿ ನಾಯಿಯ ಪಥ್ಯ ಕಾಯುವುದು ಸುಲಭವಲ್ಲ. "ಇಷ್ಟು ವರ್ಷ ತಿಂದಿದಾನೆ, ಒಂದು ಚೂರಿಗೆ ಏನಾಗುತ್ತೆ ಬಿಡಮ್ಮ" ಅಂದರು ಅತ್ತೆ. ಅವರಿಗೆ ಅವನ ಮೇಲೆ ನನಗಿಂತ ಹೆಚ್ಚು ಜೀವ. ಕೈಯಾರೆ ಏನಾದರೂ ಕೊಡದೆ ಅವರಿಂದ ಇರಲಾಗದು. ಹಾಗಾಗಿ "ಅತ್ತೆ, ಇನ್ನು ಅವನ ತಿಂಡಿ ನಿಮ್ಮ ಜವಾಬ್ದಾರಿ" ಅಂತ ಸೌತೆಕಾಯಿ, ಬೇಯಿಸಿದ ಬೀನ್ಸ್ ತುಂಬಿದ ಡಬ್ಬಿ ಒಪ್ಪಿಸಿದೆ. ಬಂದ ನೆಂಟರಿಗೂ ಈಗ ಅವರೇ ಆ ಡಬ್ಬಿ ಚಾಚುತ್ತಾರೆ. ಔಷಧಿಗಿಂತ ಈ ಡಬ್ಬಿ ದೊಡ್ಡ ಕೆಲಸ ಮಾಡಿದೆ ಅಂತ ನನ್ನ ನಂಬಿಕೆ.

ಈ ಕಾಯಿಲೆ ಮರುಕಳಿಸುತ್ತಾ ಹೋದರೆ ಸಕ್ಕರೆ ಕಾಯಿಲೆಯೂ ಬರಬಹುದು. ಅದಕ್ಕೇ ಜಿಮ್ಮಿಯ ನೀರನ್ನು ಅಳತೆಯ ಜಗ್ಗಿನಿಂದ ಹಾಕಿ, ಸಂಜೆ ಉಳಿದದ್ದನ್ನು ನೋಡುತ್ತೇನೆ. ದಿನಕ್ಕೆ ಕೆಜಿಗೆ 100 ಮಿಲಿ ದಾಟಿದರೆ, ಅಂದರೆ ಇವನು 900 ಮಿಲಿಗಿಂತ ಜಾಸ್ತಿ ಕುಡಿದರೆ, ರಕ್ತದ ಸಕ್ಕರೆ ನೋಡಿಸಲು ಕರೆದುಕೊಂಡು ಬನ್ನಿ ಅಂತ ಡಾಕ್ಟರು ಹೇಳಿದ್ದಾರೆ. ಇದುವರೆಗೆ ಅರ್ಧ ಲೀಟರಿನ ಒಳಗೇ ಇದೆ.