ನೈಟ್ರಸ್ ಕಿಟ್‌ಗೆ ಸೇಫ್ಟಿ ಸ್ವಿಚ್ ವೈರಿಂಗ್: ಬಳ್ಳಾರಿ ಬಿಸಿಲಿಗೆ ತಕ್ಕ ಹಾಗೆ

ಕಾರಿಗೆ ನೈಟ್ರಸ್ ಆಕ್ಸೈಡ್ ಕಿಟ್ ಹಾಕಿಸಬೇಕು ಅಂತ ಬರುವ ಹುಡುಗರು ಮೊದಲು ಕೇಳುವುದು ಪವರ್ ಎಷ್ಟು ಏರುತ್ತೆ ಅಂತ. ವೈರಿಂಗ್ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಎಂಜಿನ್ ಉಳಿಯುವುದು, ಒಳಗೆ ಕೂತವರು ಉಳಿಯುವುದು ಆ ವೈರಿಂಗ್‌ನಿಂದಲೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ಕಾರಿಗೆ ಮಾತ್ರ. ಕಂಪನಿ ಕೊಟ್ಟ ಗಾಡಿಯನ್ನು ನಮ್ಮಿಷ್ಟದಂತೆ ಬದಲಾಯಿಸಿ ರಸ್ತೆಗಿಳಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೋ ಕಾರನ್ನು ಲಾರಿ ಮೇಲೆ ಹಾಕಿಕೊಂಡು ಹೋಗಿ. ಹೊಸಪೇಟೆ ರಸ್ತೆಯಲ್ಲಿ ಬೇಡ.

ನೈಟ್ರಸ್ ತಾನಾಗಿ ಉರಿಯುವ ಗ್ಯಾಸ್ ಅಲ್ಲ. ಬಿಸಿಗೆ ಒಡೆದು ಆಕ್ಸಿಜನ್ ಬಿಡುತ್ತೆ, ಆಗ ಪೆಟ್ರೋಲ್ ಜಾಸ್ತಿ ಉರಿಸಬಹುದು. ಆಕ್ಸಿಜನ್ ಬಂದು ಅದಕ್ಕೆ ತಕ್ಕ ಪೆಟ್ರೋಲ್ ಬರಲಿಲ್ಲವೋ, ಪಿಸ್ಟನ್ ಕರಗುತ್ತೆ. ಹಾಗಾಗಿ ಎಲ್ಲಾ ಸ್ವಿಚ್‌ಗಳೂ ಒಂದರ ಹಿಂದೆ ಒಂದು, ಸೀರೀಸ್‌ನಲ್ಲಿ ಇರಬೇಕು. ಯಾವುದೇ ಒಂದು ಸ್ವಿಚ್ ಕೆಟ್ಟರೂ, ಒಂದು ವೈರ್ ಕಿತ್ತು ಬಂದರೂ ಗ್ಯಾಸ್ ನಿಲ್ಲಬೇಕು.

ಕೆಲಸ ಶುರು ಮಾಡುವ ಮುಂಚೆ ಬಾಟ್ಲಿ ವಾಲ್ವ್ ಮುಚ್ಚಿ, ಲೈನ್ ಖಾಲಿ ಮಾಡಿ, ಆಮೇಲೆ ಬಾಟ್ಲಿಯನ್ನು ಕಾರಿನಿಂದ ಇಳಿಸಿ, ಬ್ಯಾಟರಿ ಮೈನಸ್ ಬಿಚ್ಚಿ.

ಮೊದಲು ದಪ್ಪ ವೈರಿನ ಕೆಲಸ. ನೈಟ್ರಸ್ ಸೊಲೆನಾಯ್ಡ್ (ಕರೆಂಟ್ ಕೊಟ್ಟಾಗ ಮಾತ್ರ ತೆರೆದುಕೊಳ್ಳುವ ವಾಲ್ವ್) ಎಷ್ಟು ಕರೆಂಟ್ ಎಳೆಯುತ್ತೆ ಅಂತ ಮಲ್ಟಿಮೀಟರ್ ಹಿಡಿದು ನೋಡಿಕೊಳ್ಳಿ. ರೆಸಿಸ್ಟೆನ್ಸ್ 1.2 ಓಮ್ ಬಂದರೆ 12 ವೋಲ್ಟ್‌ಗೆ 10 ಆಂಪ್ಸ್ ಆಯಿತು. ಪೆಟ್ರೋಲ್ ಸೊಲೆನಾಯ್ಡ್‌ನದನ್ನೂ ಅದಕ್ಕೆ ಕೂಡಿಸಿ. ಸಾಮಾನ್ಯವಾಗಿ 40 ಆಂಪ್ಸ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), 30 ಆಂಪ್ಸ್ ಫ್ಯೂಸ್, 4 ಚದರ ಎಂಎಂ ವೈರ್ ಸಾಕು. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಪಿನ್. 87ನೇ ಪಿನ್‌ನಿಂದ ಎರಡೂ ಸೊಲೆನಾಯ್ಡ್‌ಗೆ, ಅವುಗಳ ಇನ್ನೊಂದು ವೈರ್ ಬಾಡಿ ಅರ್ಥ್‌ಗೆ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಅರ್ಥ್ ಕೊಡುವ ಜಾಗದಲ್ಲಿ ಪೇಂಟ್ ಕೆರೆದು, ಥಿಂಬಲ್ ಹಾಕಿ ಬೋಲ್ಟ್ ಬಿಗಿ ಮಾಡಿ. ಪೆಟ್ರೋಲ್ ಸೊಲೆನಾಯ್ಡ್‌ನ ಜಾಯಿಂಟನ್ನು ಕೈಯಿಂದ ಎಳೆದು ನೋಡಿ, ಯಾಕಂದ್ರೆ ಅದೊಂದು ಸಡಿಲವಾದರೆ ಬರೀ ನೈಟ್ರಸ್ ಒಳಗೆ ಹೋಗುತ್ತೆ, ಇದನ್ನು ಮುಂದೆ ಹೇಳುವ ಯಾವ ಸ್ವಿಚ್ಚೂ ಹಿಡಿಯುವುದಿಲ್ಲ.

ಇನ್ನು ಸಣ್ಣ ವೈರ್, ರಿಲೇಯನ್ನು ಎಳೆಸುವ ಸಾಲು. ಇಗ್ನಿಷನ್ ಕೀ ಹಾಕಿದಾಗ ಮಾತ್ರ ಬರುವ ಪ್ಲಸ್ ತೆಗೆದುಕೊಳ್ಳಿ, 5 ಆಂಪ್ಸ್ ಫ್ಯೂಸ್ ಹಾಕಿ, ಡ್ಯಾಶ್‌ಬೋರ್ಡಿನ ಆರ್ಮಿಂಗ್ ಸ್ವಿಚ್‌ಗೆ, ಅಂದರೆ ಇಡೀ ಕಿಟ್‌ನ ಮುಖ್ಯ ಸ್ವಿಚ್‌ಗೆ ಕೊಡಿ. ಮುಚ್ಚಳ ಇರುವ ಸ್ವಿಚ್ಚೇ ತನ್ನಿ, ಕೈ ತಾಗಿ ಆನ್ ಆಗಬಾರದು.

ಅಲ್ಲಿಂದ ಬಾಟ್ಲಿ ಪ್ರೆಷರ್ ಸ್ವಿಚ್. ಬೇರೆ ದೇಶದ ವಿಡಿಯೊಗಳಲ್ಲಿ ಬಾಟ್ಲಿಗೆ ಹೀಟರ್ ಸುತ್ತುವುದನ್ನು ತೋರಿಸುತ್ತಾರೆ. ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್ ಬಂತೆಂದರೆ 40 ಡಿಗ್ರಿ, ಮುಚ್ಚಿದ ಡಿಕ್ಕಿಯಲ್ಲಿ ಇನ್ನೂ ಜಾಸ್ತಿ. ಕಿಟ್‌ಗೆ ಬೇಕಾದದ್ದು 900ರಿಂದ 1,000 ಪಿಎಸ್‌ಐ. ನೈಟ್ರಸ್ ಸುಮಾರು 36 ಡಿಗ್ರಿ ದಾಟಿದರೆ ದ್ರವವಾಗಿ ಉಳಿಯುವುದೇ ಇಲ್ಲ, ಆಮೇಲೆ ಪ್ರೆಷರ್ ದಡದಡ ಏರುತ್ತೆ. ಪ್ರೆಷರ್ ಜಾಸ್ತಿ ಅಂದರೆ ಗ್ಯಾಸ್ ಜಾಸ್ತಿ, ಪೆಟ್ರೋಲ್ ಮಾತ್ರ ಅಷ್ಟೇ. ನಮಗೆ ಬೇಕಾದ್ದು 1,100 ಪಿಎಸ್‌ಐ ಆಸುಪಾಸಿನಲ್ಲಿ ಸರ್ಕ್ಯೂಟ್ ಬಿಡಿಸುವ, ನಾರ್ಮಲಿ ಕ್ಲೋಸ್ಡ್ (ಉಳಿದ ಹೊತ್ತು ಕೂಡಿಯೇ ಇರುವ) ಸ್ವಿಚ್. ಕಿಟ್ ಪುಸ್ತಕದಲ್ಲಿ ಇದು ಇಲ್ಲದಿದ್ದರೂ ಹಾಕಿ. ನೆರಳು, ಒದ್ದೆ ಗೋಣಿಚೀಲ ಇವೂ ಇರಲಿ.

ಮುಂದೆ ಥ್ರಾಟಲ್ ಮೈಕ್ರೋಸ್ವಿಚ್. ಎಕ್ಸಲೇಟರ್ ಪೂರ್ತಿ ಒತ್ತಿದಾಗ ಮಾತ್ರ ಟಕ್ ಅನ್ನಬೇಕು, ಅರ್ಧಕ್ಕೇ ಅಲ್ಲ. ಕಾಮನ್ ಮತ್ತು ಎನ್‌ಒ (ನಾರ್ಮಲಿ ಓಪನ್, ಒತ್ತಿದಾಗ ಮಾತ್ರ ಕೂಡುವ) ಪಿನ್ ಬಳಸಿ. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು ನಮಗೆಲ್ಲ ಗೊತ್ತು. ಅದು ತೆರೆದ ಸ್ವಿಚ್ ಒಳಗೆ ಹೊಕ್ಕರೆ ಒತ್ತಿದ ಲಿವರ್ ವಾಪಸ್ ಬರದೆ ಕಚ್ಚಿಕೊಳ್ಳಬಹುದು, ಹಾಗಾಗಿ ಸೀಲ್ ಆಗಿರುವುದನ್ನೇ ಕೊಳ್ಳಿ. ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಕಾರಿಗೆ ಸೆನ್ಸರ್ ವೋಲ್ಟೇಜ್ ಓದುವ ಕಂಟ್ರೋಲರ್ ಬೇಕಾಗುತ್ತೆ.

ಕೊನೆಗೆ ಪೆಟ್ರೋಲ್ ಪ್ರೆಷರ್ ಸ್ವಿಚ್, ಅಲ್ಲಿಂದ ರಿಲೇಯ 86. ಕಾರಿನ ಪ್ರೆಷರ್ 43 ಪಿಎಸ್‌ಐ ಇದ್ದರೆ 36, 37ಕ್ಕೆ ಇಳಿದ ಕೂಡಲೇ ಬಿಡುವ ಹಾಗೆ ಅಲೆನ್ ಕೀಯಿಂದ ಸೆಟ್ ಮಾಡಿ.

85ನೇ ಪಿನ್ ಅನ್ನು ಸುಮ್ನೆ ಬಾಡಿಗೆ ಕೊಡಬೇಡಿ. ಅದು ಆರ್‌ಪಿಎಂ ವಿಂಡೋ ಸ್ವಿಚ್‌ಗೆ ಹೋಗಲಿ, ಅರ್ಥ್ ಸಿಗುವುದು ಅದರ ಮೂಲಕ. 3,000ಕ್ಕೆ ಆನ್, ರೆವ್ ಲಿಮಿಟರ್ (ಎಂಜಿನ್ ಅತಿ ವೇಗವಾಗಿ ತಿರುಗದಂತೆ ತಡೆಯುವ ಮಿತಿ) ತಲುಪುವುದಕ್ಕಿಂತ ಕೆಲವು ನೂರು ಆರ್‌ಪಿಎಂ ಮುಂಚೆ ಆಫ್. ಲಿಮಿಟರ್ ಪೆಟ್ರೋಲ್ ಕಟ್ ಮಾಡುವಾಗ ಗ್ಯಾಸ್ ಬರುತ್ತಿದ್ದರೆ ಎಂಜಿನ್ ಕಥೆ ಮುಗಿದಂತೆ. 85, 86ರ ನಡುವೆ ಒಂದು 1ಎನ್4007 ಡಯೋಡ್ ಹಾಕಿ, ಬೆಳ್ಳಿ ಗೆರೆ ಇರುವ ತುದಿ 86ರ ಕಡೆಗೆ. ಎರಡು ಮೂರು ರೂಪಾಯಿಯ ಸಾಮಾನು, ದುಬಾರಿ ವಿಂಡೋ ಸ್ವಿಚ್ ಉಳಿಸುತ್ತೆ.

ಈಗ ಪರೀಕ್ಷೆ. ಬಾಟ್ಲಿ ಇನ್ನೂ ಹೊರಗೇ ಇರಲಿ. ಬಾಟ್ಲಿ ಸ್ವಿಚ್ ಪ್ರೆಷರ್ ಇಲ್ಲದಾಗ ಕೂಡಿಯೇ ಇರುತ್ತೆ, ಅಡ್ಡಿ ಇಲ್ಲ. ಬ್ಯಾಟರಿ ಜೋಡಿಸಿ. ಸೊಲೆನಾಯ್ಡ್ ಎರಡರ ವೈರ್ ಮಾತ್ರ ಬಿಚ್ಚಿ ಅವುಗಳ ಜಾಗದಲ್ಲಿ 12 ವೋಲ್ಟ್ ಬಲ್ಬ್ ಹಾಕಿ. ಮೈಕ್ರೋಸ್ವಿಚ್ ಅನ್ನು ಬ್ರಾಕೆಟ್‌ನಿಂದ ಬಿಚ್ಚಿ, ಫ್ಯಾನ್ ಬೆಲ್ಟ್‌ನಿಂದ ದೂರ ಹಿಡಿದುಕೊಳ್ಳಿ. ಒಬ್ಬರು ಒಳಗೆ ಕೂತು ನ್ಯೂಟ್ರಲ್‌ನಲ್ಲಿ 3,500 ಆರ್‌ಪಿಎಂ ಹಿಡಿಯಲಿ, ನೀವು ಲಿವರ್ ಒತ್ತಿ. ಬಲ್ಬ್ ಹತ್ತಬೇಕು. 3,000ದ ಕೆಳಗೆ ಇಳಿದರೆ ಆರಬೇಕು. ಹೀಗೆ ಆರ್ಮಿಂಗ್ ಆಫ್ ಮಾಡಿ, ಪೆಟ್ರೋಲ್ ಸ್ವಿಚ್ ವೈರ್ ತೆಗೆದು, ಬಾಟ್ಲಿ ಸ್ವಿಚ್ ವೈರ್ ತೆಗೆದು, ಒಂದೊಂದಾಗಿ ನೋಡಿ. ಪ್ರತಿ ಸಲವೂ ಬಲ್ಬ್ ಆರಲೇಬೇಕು. ಎಲ್ಲಾ ಬಿಟ್ಟರೂ ಬಲ್ಬ್ ಉರಿಯುತ್ತಲೇ ಇದ್ದರೆ ರಿಲೇ ಕಾಂಟ್ಯಾಕ್ಟ್ ಅಂಟಿಕೊಂಡಿದೆ ಅಂತ ಅರ್ಥ. ತಟ್ಟಿ ಸರಿ ಮಾಡಲು ಹೋಗಬೇಡಿ, ಹೊಸದು ಹಾಕಿ ಪರೀಕ್ಷೆಯನ್ನು ಮೊದಲಿನಿಂದ ಮಾಡಿ.