ಮೂರು ದೇಶ, ಒಂದು ನೋಟ್‌ಬುಕ್

ಊರಿಂದ ಯಾರೇ ಫೋನ್ ಮಾಡಿದರೂ ಈ ಪ್ರಶ್ನೆ ಇದ್ದೇ ಇರುತ್ತೆ: "ಅಲ್ಲಿ ಬಿಳಿಯರು ನಮ್ಮನ್ನ ಹೇಗೆ ನೋಡ್ಕೋತಾರೆ?" ಯಾವ ಊರಲ್ಲಿ, ಎಷ್ಟು ಹೊತ್ತಿಗೆ ಅಂತ ತಿರುಗಿ ಕೇಳುತ್ತೇನೆ. ಅಮೆರಿಕದ ಟೆಕ್ಸಸ್‌ನಲ್ಲಿ, ಡಾಲಸ್ ಹತ್ತಿರ ಎರಡು ವರ್ಷ, ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮೂರು, ಈಗ ಜರ್ಮನಿಯ ಸ್ಟುಟ್‌ಗಾರ್ಟ್. ಮೂರೂ ಕಡೆ ಜೊತೆಗೆ ಬಂದಿದ್ದು ಒಂದೇ ನೋಟ್‌ಬುಕ್.

ಶುರು ಮಾಡಿದ್ದು 2017ರಲ್ಲಿ. ಆ ಫೆಬ್ರುವರಿಯಲ್ಲಿ ಕ್ಯಾನ್ಸಸ್‌ನ ಒಲೇಥದ ಬಾರ್‌ ಒಂದರಲ್ಲಿ ಶ್ರೀನಿವಾಸ ಕೂಚಿಭೊಟ್ಲ ಎಂಬ ಎಂಜಿನಿಯರ್‌ಗೆ ಒಬ್ಬ ಗುಂಡಿಟ್ಟ, "ನನ್ನ ದೇಶ ಬಿಟ್ಟು ತೊಲಗು" ಅಂತ ಕೂಗಿ. ಎರಡು ವಾರ ಕಳೆದಿರಬೇಕು, ಪೆಟ್ರೋಲ್ ಬಂಕ್‌ನಲ್ಲಿ ನಿಂತು ಅಮ್ಮನ ಹತ್ತಿರ ಮಾತಾಡುತ್ತಿದ್ದೆ. ಪಿಕಪ್ ಟ್ರಕ್‌ನಿಂದ ಒಬ್ಬ ಅದೇ ಧಾಟಿಯಲ್ಲಿ ಅರಚಿಕೊಂಡು ಹೋದ. "ಯಾರೋ ಅದು?" ಅಂದಳು ಅಮ್ಮ. "ಫ್ರೆಂಡು" ಅಂದೆ. ರಾತ್ರಿ ಬರೆದಿಟ್ಟೆ: ದಿನಾಂಕ, ಹೊತ್ತು, ಜಾಗ, ಅವನಾಡಿದ ಮಾತು ಇದ್ದ ಹಾಗೇ, ಪಕ್ಕದಲ್ಲಿ ಯಾರಿದ್ದರು. ನನಗೇನನಿಸಿತು ಅನ್ನೋದಕ್ಕೆ ಕಾಲಂ ಇಡಲಿಲ್ಲ.

ಇಂಗ್ಲೆಂಡಿನ ಪುಟಗಳು ಹೆಚ್ಚಾಗಿ ಶುಕ್ರವಾರ ರಾತ್ರಿಯ ರೈಲಿನವು. ಕುಡಿದವನೊಬ್ಬ "ಪಾಕಿ" ಅಂದಾಗ ನನ್ನ ಬಾಯಿಂದ ತಟಕ್ಕನೆ ಬಂದಿದ್ದು, "ನಾನು ಇಂಡಿಯನ್". ಎದುರು ಸೀಟಿನಲ್ಲಿದ್ದ ಗಡ್ಡದ ಹಿರಿಯರೊಬ್ಬರು ನನ್ನನ್ನೇ ನೋಡಿದರು, ಬೈದವನನ್ನಲ್ಲ. ಅದನ್ನೂ ಬರೆದಿದ್ದೇನೆ. ರೈಲ್ವೆ ಪೊಲೀಸರಿಗೆ 61016ಕ್ಕೆ ಮೆಸೇಜ್ ಹಾಕಬಹುದು ಅಂತ ಬೋಗಿಯಲ್ಲೇ ಅಂಟಿಸಿರುತ್ತಾರೆ, ಹಾಕಿದೆ. ನೋಟ್‌ಬುಕ್ ಇದ್ದದ್ದರಿಂದ ಆಮೇಲೆ ಅವರು ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟೆ.

ಜರ್ಮನಿಯಲ್ಲಿ ಇವತ್ತಿನವರೆಗೂ ಯಾರೂ ಬೈದಿಲ್ಲ. ಮನೆ ಮಾತ್ರ ಸಿಗಲಿಲ್ಲ. 31 ಜಾಹೀರಾತಿಗೆ ಮೇಲ್ ಹಾಕಿದರೆ ಎರಡಕ್ಕೆ ಉತ್ತರ, ಎರಡೂ "ಮನೆ ಹೋಯಿತು" ಅಂತ. ಸ್ಟುಟ್‌ಗಾರ್ಟ್‌ನಲ್ಲಿ ಎಲ್ಲರಿಗೂ ಮನೆ ಕಷ್ಟವೇ, ಹಾಗಾಗಿ ಅನುಮಾನಪಡುವುದಕ್ಕೂ ಸಂಕೋಚ. 2017ರಲ್ಲಿ ಅಲ್ಲಿನ ಪತ್ರಕರ್ತರು ಬೇರೆ ಬೇರೆ ಹೆಸರಿನಲ್ಲಿ ಸುಮಾರು 20,000 ಮೇಲ್ ಕಳಿಸಿ ನೋಡಿದ್ದರು. ಅರಬ್, ಟರ್ಕಿ ಹೆಸರಿನವರಿಗೆ ಮನೆ ನೋಡಲು ಕರೆ ಬಂದದ್ದು ಕಡಿಮೆ. ನಾನೂ ಅದನ್ನೇ ಮಾಡಿದೆ. "ಮನೆ ಹೋಯಿತು" ಅಂದಿದ್ದ ಒಂದು ಬಾಡಿಗೆ ಕಂಪನಿಗೆ ಅದೇ ದಿನ ಮಧ್ಯಾಹ್ನ ಜರ್ಮನ್ ಸಹೋದ್ಯೋಗಿಯಿಂದ ಮೇಲ್ ಹಾಕಿಸಿದೆ. ಅದೇ ಸಂಬಳ, ಅದೇ ಸಂಸಾರ, ಒಕ್ಕಣೆಯೂ ನನ್ನದೇ. ನಲವತ್ತು ನಿಮಿಷದಲ್ಲಿ ಉತ್ತರ: ಗುರುವಾರ ಸಂಜೆ ಬಂದು ನೋಡಿ.

ಹೊತ್ತು ಕಾಣುವ ಹಾಗೆ ಎರಡರ ಸ್ಕ್ರೀನ್‌ಶಾಟೂ ತೆಗೆದಿಟ್ಟು ಬರ್ಲಿನ್ನಿನ ತಾರತಮ್ಯ ವಿರೋಧಿ ಕಚೇರಿಗೆ ಫೋನ್ ಮಾಡಿದೆ. ಸಲಹೆ ಪುಕ್ಕಟೆ, ಆದರೆ ನಮ್ಮ ಪರವಾಗಿ ಅವರು ಕೇಸು ಹಾಕುವುದಿಲ್ಲ. 2006ರ ಸಮಾನತೆ ಕಾಯ್ದೆಯಲ್ಲಿ ಎರಡು ತಿಂಗಳೊಳಗೆ ಎದುರು ಪಾರ್ಟಿಗೆ ನಮ್ಮ ಹಕ್ಕು ಕೇಳಿಯಾಗಿರಬೇಕು. ಗೊತ್ತಿಲ್ಲದೆ ಸುಮ್ಮನಿದ್ದವರ ಅವಧಿ ಮುಗಿದುಹೋಗುತ್ತೆ. ನಾನು ಐವತ್ತನೇ ದಿನ ರಿಜಿಸ್ಟರ್ಡ್ ಪತ್ರ ಹಾಕಿದೆ. "ಕಣ್ತಪ್ಪು" ಅಂತ ಎರಡು ಸಾಲು ಬಂತು. ಕೋರ್ಟಿಗೆ ಹೋಗಲಿಲ್ಲ, ಹೆಂಡತಿಗೆ ಏಳು ತಿಂಗಳು, ಮೊದಲು ಮನೆ ಬೇಕಿತ್ತು. ಟೆಕ್ಸಸ್‌ನವನ ಮಾತು ವಾರದಲ್ಲಿ ಮರೆತೆ, ಈ ಎರಡು ಸಾಲು ಇನ್ನೂ ಬಾಯಿಪಾಠ.

ಬ್ರಿಟನ್ನಿನ ಅರ್ಜಿಗಳಲ್ಲಿ ಜನಾಂಗದ ಕಾಲಂ ಕಂಡಾಗೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಜರ್ಮನಿಯ ಜನಗಣತಿಯಲ್ಲಿ ಅದನ್ನು ಕೇಳುವುದೇ ಇಲ್ಲ. ಕೇಳದಿದ್ದರೆ ಲೆಕ್ಕ ಎಲ್ಲಿಂದ ಬರಬೇಕು? ಆ ಸಿಟ್ಟು ಈಗಿಲ್ಲ.

ಕೊನೆಗೆ ಮನೆ ಸಿಕ್ಕಿದ್ದು ಆ ಸಹೋದ್ಯೋಗಿಯ ಅತ್ತೆಯದು. ಇಲ್ಲಿ ಬೆಲ್ ಮೇಲೆ ಸರ್‌ನೇಮ್ ಹಾಕುತ್ತಾರೆ. ನಮಗೆಲ್ಲಿಯ ಸರ್‌ನೇಮ್? ಪಾಸ್‌ಪೋರ್ಟಿನಲ್ಲಿರುವ ಅಪ್ಪನ ಹೆಸರೇ ಬಿತ್ತು. ಫೋಟೊ ಕಳಿಸಿದೆ. "ಸ್ಪೆಲ್ಲಿಂಗ್ ತಪ್ಪಿದೆಯಲ್ಲೋ" ಅಂದರು ಅಪ್ಪ.